ಎರಡು ದಾಸವಾಳ

ಬಸವನಗುಡಿಯ ಆ ಮನೆಯ ಗೇಟಿನಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ಕಂಡು ಗೋದಾ ಗಕ್ಕನೆ ನಿಂತಳು. ಮಹಡಿಯಲ್ಲಿ ಬಾಡಿಗೆಗೆ ಮಾಧವಿ ಇನ್ನೂ ಇದ್ದಳಲ್ಲ! ಅವಳಿಗೆ ಆ ಮನೆ ಹುಡುಕಿಕೊಟ್ಟವಳೇ ಗೋದಾ. ಮಗಳು ಧೃತಿಗೆ ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂದಿರುವಾಗ ತಾಯಿ-ಮಗಳು ಎಲ್ಲಿಗೆ ಹೋಗಬೇಕು?

ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಮಾಲೀಕ ಬದರೀನಾರಾಯಣರು ದೇವರಿಗೆಂದೇ ಬೆಳೆಸಿದ ಕೆಂಪು ದಾಸವಾಳಕ್ಕೆ ಹತ್ತಿಯಂಥ ಬಿಳಿ ಹುಳ ಮುತ್ತಿತ್ತು. ಬೇವಿನೆಣ್ಣೆ ಆಯಿತು, ಸೋಪಿನ ನೀರಾಯಿತು. ವಾರದೊಳಗೆ ಮತ್ತೆ ಹುಳ, ಮತ್ತೆ ಮೊಗ್ಗೆಲ್ಲ ನೆಲದ ಪಾಲು. ಬಾಲ್ಕನಿಯಲ್ಲಿ ಮಾಧವಿ ಇಟ್ಟ ಗುಲಾಬಿ ಕುಂಡಗಳಿಂದಲೇ ಹುಳ ಬೀಳುತ್ತಿದೆ, ಮನೆ ಖಾಲಿ ಮಾಡಲಿ ಎಂದು ಅವರು ಪಟ್ಟು ಹಿಡಿದಿದ್ದರು.

ಗೋದಾ ಓಡಿದ್ದು ಗೆಳತಿ ಯಶೋಧರಾಳ ಬಳಿಗೆ. ಕದ್ದುಹೋದ ಹಾಲಿನ ಪ್ಯಾಕೆಟ್ಟಿನಿಂದ ಹಿಡಿದು ಮುರಿದುಬಿದ್ದ ಮದುವೆ ಮಾತುಕತೆಯವರೆಗೆ ಬೀದಿಯ ಗುಟ್ಟುಗಳನ್ನೆಲ್ಲ ಬಿಡಿಸಿದವಳು ಆಕೆ.

ಯಶೋಧರಾ ಬಂದವಳೇ ಬಾಲ್ಕನಿಯ ನೇರ ಕೆಳಗಿದ್ದ ಹಳದಿ ದಾಸವಾಳವನ್ನು ನೋಡಿದಳು. ಅದು ಮೈತುಂಬ ಹೂ ಬಿಟ್ಟಿತ್ತು. ಆಮೇಲೆ ದೇವರ ಮನೆಯ ಬಾಗಿಲ ಬಳಿಯ ಕೆಂಪು ಗಿಡದ ಬುಡದಲ್ಲಿ ಕೂತಳು. ಮಣ್ಣು ಅಂಟಂಟಾಗಿತ್ತು. ಇರುವೆ ಸಾಲು ಕಾಂಡ ಹತ್ತಿ ಹೋಗುತ್ತಿತ್ತು. ಎದ್ದವಳು ಬದರೀನಾರಾಯಣರನ್ನು ಪೂಜೆಯ ವಿಚಾರ ಕೇಳಿದಳು. ದಿನವೂ ಪಂಚಾಮೃತ ಅಭಿಷೇಕ ತಪ್ಪಿಸಿದ್ದಿಲ್ಲ ಎಂದು ಅವರು ಎದೆಯುಬ್ಬಿಸಿ ಹೇಳಿದರು. ಇಂಥ ಹೊತ್ತಿನಲ್ಲಿ ಇವಳಿಗೇಕೆ ಪಂಚಾಮೃತದ ಚಿಂತೆ ಎಂದು ಗೋದಾ ಒಳಗೊಳಗೇ ಕುದಿದಳು.

ಸಂಜೆ ಎಲ್ಲರೂ ಜಗುಲಿಯಲ್ಲಿ ಸೇರಿದರು. ಮಾಧವಿಯೂ ಮಹಡಿಯಿಂದ ಇಳಿದು ಬಂದಳು.

“ಹುಳ ಮೇಲಿಂದ ಬಿದ್ದಿದ್ರೆ ಬಾಲ್ಕನಿ ಕೆಳಗಿನ ಗಿಡ ಮೊದಲು ಕೆಡಬೇಕಿತ್ತು. ಅದು ಚೆನ್ನಾಗಿದೆ,” ಎಂದಳು ಯಶೋಧರಾ. “ಅಭಿಷೇಕದ ನೀರು ಎಲ್ಲಿಗೆ ಹಾಕ್ತೀರಿ, ಸರ್?”

“ಯಾರೂ ತುಳೀಬಾರ್ದಲ್ಲಮ್ಮ. ಈ ಕೆಂಪು ಗಿಡದ ಬುಡಕ್ಕೆ.”

“ಹಾಲು, ಜೇನು, ಸಕ್ಕರೆ. ದಿನಾ ಇರುವೆಗೆ ಊಟ ಹಾಕ್ತಿದೀರಿ.”

ಉಳಿದದ್ದನ್ನು ಅವಳು ನಿಧಾನವಾಗಿ ಬಿಡಿಸಿಟ್ಟಳು. ಮೊದಲ ಹುಳ ಗಾಳಿಯಲ್ಲಿ ಎಲ್ಲಿಂದಲೋ ಬಂದಿರಬಹುದು. ಅದು ಸುರಿಸುವ ಸಿಹಿರಸಕ್ಕಾಗಿ ಇರುವೆ ಅದನ್ನು ಹಸು ಸಾಕಿದಂತೆ ಸಾಕುತ್ತದೆ, ತಿನ್ನಲು ಬರುವ ಗುಲಗಂಜಿ ಹುಳವನ್ನು ಓಡಿಸುತ್ತದೆ, ಬಿಳಿ ಹುಳವನ್ನು ಎಳೆ ಚಿಗುರಿಗೆ ಹೊತ್ತೊಯ್ಯುತ್ತದೆ. ಎಣ್ಣೆ ಹೊಡೆದಾಗ ಕಣ್ಣಿಗೆ ಬಿದ್ದ ಹುಳ ಮಾತ್ರ ಸಾಯುತ್ತಿತ್ತು; ಇರುವೆ ಮತ್ತೆ ಸಂಸಾರ ಹೂಡಿಸುತ್ತಿತ್ತು. ಇನ್ನು ಮೇಲೆ ತೀರ್ಥಕ್ಕೆ ನೀರು ಬೆರೆಸಿ ಹಿತ್ತಲಿನ ತೆಂಗಿಗೆ ಹಾಕಬೇಕು, ಇರುವೆಗೆ ದಾರಿ ಸಿಗದಂತೆ ಗೋಡೆಗೆ ತಾಗಿದ ಕೊಂಬೆ ಕಡಿಯಬೇಕು, ಕಾಂಡಕ್ಕೆ ವ್ಯಾಸಲೀನ್ ಹಚ್ಚಿದ ಪಟ್ಟಿ ಬಿಗಿಯಬೇಕು. ಆಮೇಲೆ ಎಣ್ಣೆ ಹೊಡೆದರೆ ಫಲ ಉಂಟು.

ಬದರೀನಾರಾಯಣರು ಎದ್ದು ಗೇಟಿನತ್ತ ನಡೆದರು. ಇನ್ನೇನು ಮಾಡಿಬಿಡುತ್ತಾರೋ ಎಂದು ಗೋದಾ ಮಾಧವಿಯ ಕೈ ಹಿಡಿದುಕೊಂಡಳು.

ಅವರು ಬೋರ್ಡು ಬಿಚ್ಚಿ, ಅದರ ದಾರವನ್ನು ಕೈಗೆ ಸುತ್ತಿಕೊಂಡು ಬಂದರು.

“ಪಟ್ಟಿ ಕಟ್ಟೋಕೆ ಇದು ಸಾಕೇನಮ್ಮ, ಮಾಧವಿ?” ಎಂದರು. “ಒಂದು ತುದಿ ನೀನು ಹಿಡ್ಕೊ.”