ಐಸಮ್ಮನೂ ಬೇರಿನ ಡಾಕ್ಟ್ರೂ

ಮೆಟ್ಟಿಲು ಹತ್ತುವಾಗಲೇ ಐಸಮ್ಮ ಬೈಗುಳ ಜೋಡಿಸಿಕೊಳ್ಳುತ್ತಿದ್ದಳು. ಅವಳ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಇವತ್ತಂತೂ ಅದು ಕೈಗೂ ಇಳಿದು, ಹಿಡಿದಿದ್ದ ಪ್ರಿಂಟು ಮುದುರಿ ಹೋಗಿತ್ತು.

ಐಸಮ್ಮ ಅನ್ನೋದು ಅವಳ ಹೆಸರೇನಲ್ಲ. ಹಲ್ಲಿನ ಆಸ್ಪತ್ರೆಯ ಕೆಳಮಹಡಿಯ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಹುಡುಗಿ. ಹಲ್ಲಿನೊಳಗಿನ ಮೆತ್ತನೆಯ ತಿರುಳಿಗೆ ಪೆಟ್ಟು ಬಿದ್ದರೆ, ಊತ ಬಂದರೆ, ಅದರ ಪ್ರೋಟೀನುಗಳು ಹೇಗೆ ಬದಲಾಗುತ್ತವೆ ಅಂತ ನೋಡುವುದೇ ಅವಳ ಕೆಲಸ. ತಿರುಳು ಹೊರಗೆ ಬಂದ ಕೂಡಲೇ ಐಸಿನಲ್ಲಿಡಬೇಕು, ಇಲ್ಲದಿದ್ದರೆ ಪ್ರೋಟೀನುಗಳು ಒಡೆದು ಚೂರುಚೂರಾಗುತ್ತವೆ. ‘ಐಸು, ಐಸು’ ಅಂತ ಎಲ್ಲರ ತಲೆ ತಿಂದದ್ದಕ್ಕೆ ಸಿಕ್ಕ ಬಿರುದು ಅದು. ಬಿರುದು ಕೊಟ್ಟವನು ಮೇಲಿನ ಮಹಡಿಯಲ್ಲಿ ರೂಟ್ ಕೆನಾಲ್ ಮಾಡುತ್ತ, ಅವಳಿಗೆ ಬೇಕಾದ ತಿರುಳನ್ನೂ ಟ್ಯೂಬಿಗೆ ಹಾಕಿ ಕೊಡುವ ಡಾಕ್ಟರು. ಇವಳೇನು ಸುಮ್ಮನೆ ಬಿಡುವವಳೇ? ಅವನನ್ನು ‘ಬೇರಿನ ಡಾಕ್ಟ್ರು’ ಮಾಡಿಟ್ಟಳು.

ಅವನು ಪೇಷೆಂಟನ್ನು ಕಳಿಸಿ ಕೈ ತೊಳೆಯುತ್ತಿದ್ದ.

“ಡಾಕ್ಟ್ರೇ, ಹಲ್ಲು ಕೀಳೋಕೆ ಬರುತ್ತೆ, ಟ್ಯೂಬಿನ ಮೇಲೆ ಸರಿಯಾಗಿ ಬರೆಯೋಕೆ ಬರಲ್ವಾ?”

ಅವನು ಮಾಸ್ಕ್ ಇಳಿಸಿದ. ಒಳಗೆ ನಗು ಮೊದಲೇ ಸಿದ್ಧವಾಗಿತ್ತು. “ಏನಾಯ್ತು ಐಸಮ್ಮ?”

“ಏನಾಗಿಲ್ಲ ಅಂತ ಕೇಳಿ! ಹಲ್ಲಿನ ಸಾಲು ಸರಿ ಮಾಡೋಕೆ ಅಂತ ಕಿತ್ತ ಒಳ್ಳೇ ಹಲ್ಲು ಇದು. ತಿರುಳು ನೋಡಿದ್ರೆ ಕೊಳೆತೇ ಹೋದ ಹಾಗಿದೆ. ಅದಲು ಬದಲು ಮಾಡಿದ್ದೀರ.”

ಅವನು ಪ್ರಿಂಟು ಬಿಡಿಸಿ ನೋಡಿದ. ಒಂದೊಂದು ಪ್ರೋಟೀನಿಗೆ ಒಂದೊಂದರಂತೆ ಗೆರೆಗಳು ಚೊಕ್ಕವಾಗಿ ಕಾಣಬೇಕಾದ ಕಡೆ ಮಸಿ ಒರೆಸಿದ ಹಾಗೆ ಒಂದೇ ಮಸುಕು.

“ನನ್ನಾಣೆ, ಅದಲು ಬದಲಾಗಿಲ್ಲ.”

“ಹಾಗಾದ್ರೆ ನನ್ನ ಕೈಯೇ ಸರಿ ಇಲ್ವಾ?”

“ಕೈಗೇನು, ತುಂಬಾ ಚೆನ್ನಾಗಿದೆ,” ಅಂದುಬಿಟ್ಟ. ಅಂದಮೇಲೆ ತಾನಂದದ್ದು ಕೇಳಿಸಿತೇನೋ, ಕಿವಿ ಕೆಂಪಾಯಿತು. ಅವಳು ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಜೋಡಿಸಿಕೊಂಡು ಬಂದಿದ್ದ ಬೈಗುಳದಲ್ಲಿ ಅರ್ಧ ಮರೆತೇ ಹೋಯಿತು, ಹಾಳಾದ್ದು.

“ತಮಾಷೆ ಅಲ್ಲ ಡಾಕ್ಟ್ರೇ. ಸೋಮವಾರ ದೊಡ್ಡ ಮೇಡಂ ಎದುರು ಇದನ್ನೆಲ್ಲ ತೋರಿಸ್ಬೇಕು. ಹೀಗೇ ಇದ್ರೆ ಈ ಕೆಲಸ ನಿಲ್ಲಿಸ್ತಾರೆ. ನಾನು ಬೇರೆ ಊರಲ್ಲಿ ಕೆಲಸ ಹುಡುಕ್ಬೇಕಾಗುತ್ತೆ.”

“ಬೇರೆ ಊರಾ?” ಅವನ ನಗು ಇಳಿದುಹೋಯಿತು.

“ಮತ್ತಿನ್ನೇನು? ಪೆಟ್ಟು ತಿಂದ ತಿರುಳು ಚೇತರಿಸಿಕೊಳ್ಳುತ್ತೋ ಇಲ್ವೋ ಅಂತ ಪ್ರೋಟೀನು ನೋಡಿ ಹೇಳೋ ಹಾಗಾದ್ರೆ ಎಷ್ಟು ಹಲ್ಲು ಉಳಿಯುತ್ತೆ ಗೊತ್ತಾ? ನಿಮಗೇ ಕೆಲಸ ಕಮ್ಮಿ ಆಗುತ್ತೆ.”

“ಆಗ್ಲಿ ಬಿಡಿ. ಆಮೇಲೆ ಕೆಳಗೇ ಬಂದು ಕೂತ್ಕೋತೀನಿ.”

ಅವಳು ಪ್ರಿಂಟು ಕಿತ್ತುಕೊಂಡು ದಡದಡ ಇಳಿದಳು. ಇನ್ನೊಂದು ಕ್ಷಣ ನಿಂತಿದ್ದರೆ ನಗು ಬರುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಅಕ್ಕನ ಹತ್ತಿರ ಹೋದಳು. ಅಕ್ಕ ಇದೇ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ತುತ್ತು ಬಾಯಿಗಿಡದೆ ಪ್ರಿಂಟುಗಳನ್ನು ಹರಡಿಕೊಂಡು ಕೂತ ತಂಗಿಗೆ ಆಗ ಹೊಳೆಯಿತು: ಮಹಡಿಯಿಂದ ಮಹಡಿಗೆ ಸಾಮಾನು ಸಾಗಿಸುವ ಅಟೆಂಡರ್ ಅಣ್ಣ ತಂದುಕೊಟ್ಟ ತಿರುಳೆಲ್ಲ ಚೊಕ್ಕ. ಡಾಕ್ಟ್ರು ತಾವೇ ತಂದದ್ದೆಲ್ಲ ಮಸುಕು. ಅಕ್ಕನಿಗೂ ತೋರಿಸಿದಳು.

“ಮೇಲಿಂದ ಕೆಳಗೆ ಇಳಿಯೋಕೆ ಎಷ್ಟು ಹೊತ್ತೇ?” ಅಂತ ಅಕ್ಕ ಕೇಳಿದಳು.

“ಇಳಿದ್ರೆ ಬಂತಪ್ಪ.”

“ಮತ್ತೆ ಆ ಮಹಾರಾಯ ಎಲ್ಲಿ ನಿಂತಿರ್ತಾನೆ?”

ಐಸಮ್ಮ ಊಟ ಅಲ್ಲೇ ಬಿಟ್ಟು ಅಟೆಂಡರ್ ಅಣ್ಣನನ್ನು ಹಿಡಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಯ್ಯೋ ತಾಯಿ, ನಿಮಗೆ ಗೊತ್ತೇ ಇಲ್ವಾ? ಐಸಿನ ಡಬ್ಬಿ ಹಿಡ್ಕೊಂಡು ನಿಮ್ಮ ಬಾಗಿಲ ಹೊರಗೇ ನಿಂತಿರ್ತಾರೆ. ಕೂದಲು ಸರಿ ಮಾಡ್ಕೋತಾರೆ, ಬಾಗಿಲು ತಟ್ಟೋಕೆ ಕೈ ಎತ್ತುತ್ತಾರೆ, ಇಳಿಸ್ತಾರೆ, ಒಂದು ಸುತ್ತು ಹೋಗಿ ಬರ್ತಾರೆ. ಅಷ್ಟೊತ್ತಿಗೆ ಐಸೆಲ್ಲ ನೀರು. ನೀವು ಬೈತೀರಂತ, ಅಲ್ಲೇ ಇರೋ ಐಸ್ ಮಿಷಿನ್ನಿಂದ ಹೊಸದು ತುಂಬ್ಕೊಂಡು ಒಳಗೆ ಬರ್ತಾರೆ. ಚೆಲ್ಲಿದ ನೀರು ಒರೆಸೋದು ನಾನು!”

ಅವಳಿಗೆ ಕೆಂಡದಂಥ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಬಾಗಿಲ ಒಳಗೆ ಟ್ಯೂಬು ಅಲ್ಲಾಡಿಸುತ್ತ, ಇವತ್ತು ಯಾಕೋ ಡಾಕ್ಟ್ರು ಬರಲಿಲ್ಲವಲ್ಲ ಅಂತ ತಾನೂ ಕಾಯುತ್ತಿದ್ದದ್ದು ನೆನಪಾಗಿ ಮುಖ ಬಿಸಿಯಾಯಿತು. ಕಾಯುತ್ತಿದ್ದಳು, ಅದರಲ್ಲಿ ಮುಚ್ಚುಮರೆ ಯಾಕೆ?

ಆದರೆ ನಗು ಇಳಿದ ಮೇಲೆ ಹೆದರಿಕೆ ಶುರುವಾಯಿತು. ಇದನ್ನು ಮೀಟಿಂಗಿನಲ್ಲಿ ಹೇಳಿದರೆ ಅವನ ಮರ್ಯಾದೆ ಮೂರಾಬಟ್ಟೆ. ಹೇಳದಿದ್ದರೆ ತನ್ನ ಕೆಲಸಕ್ಕೆ ಕುತ್ತು.

ಸೋಮವಾರದ ಮೀಟಿಂಗಿನಲ್ಲಿ ದೊಡ್ಡ ಮೇಡಂ ಕನ್ನಡಕದ ಮೇಲಿಂದ ನೋಡಿದರು. ಇಡೀ ವಿಭಾಗ ಅವರ ಕೆಮ್ಮಿಗೂ ಬೆಚ್ಚುತ್ತದೆ. “ಈ ಮಸುಕು ಏನಮ್ಮಾ?”

“ಅದು... ನನ್ನ ಕೈತಪ್ಪು, ಮೇಡಂ.”

“ನಿನ್ನ ಕೈ ಇಷ್ಟು ತಪ್ಪಿದ್ರೆ ಉಳಿದದ್ದನ್ನಾದ್ರೂ ಯಾಕೆ ನಂಬ್ಲಿ?”

ಅವನನ್ನು ಉಳಿಸಲು ಹೋಗಿ ಇಷ್ಟು ದಿನದ ಶ್ರಮವನ್ನೆಲ್ಲ ತಾನೇ ನೀರಲ್ಲಿ ಹೋಮ ಮಾಡಿದ್ದಳು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು.

“ಅವರ ತಪ್ಪಲ್ಲ ಮೇಡಂ, ನನ್ನದು.” ಬೇರಿನ ಡಾಕ್ಟ್ರು ಎದ್ದು ನಿಂತಿದ್ದ. “ಮಸುಕಾಗಿರೋದೆಲ್ಲ ನಾನು ತಂದದ್ದು. ದಾರೀಲೇ ಐಸು ಕರಗ್ತಿತ್ತು. ಕರಗಿದ ನೀರೂ ತಣ್ಣಗೇ ಇದೆಯಲ್ಲ ಅಂದ್ಕೊಂಡು ಹೊಸ ಐಸು ತುಂಬಿ ಕೊಟ್ಟುಬಿಡ್ತಿದ್ದೆ.”

“ಒಂದು ಮಹಡಿ ಇಳಿಯೋದ್ರಲ್ಲಿ ಐಸು ಕರಗುತ್ತೇನ್ರೀ?”

“ಬಾಗಿಲ ಹೊರಗೆ ನಿಂತಿರ್ತಿದ್ದೆ, ಮೇಡಂ. ಒಳಗೆ ಹೋಗಿ ಏನು ಮಾತಾಡೋದು ಅಂತ ಯೋಚಿಸ್ತಾ.”

“ಟ್ಯೂಬು ಕೊಡೋಕೆ ಏನು ಮಾತು ಬೇಕು?”

“ಟ್ಯೂಬು ಕೊಡೋಕೆ ಬೇಡ, ಮೇಡಂ.”

ಯಾರೋ ಕಿಸಕ್ಕೆಂದರು, ಎಲ್ಲರೂ ಗೊಳ್ಳೆಂದರು. ಐಸಮ್ಮನಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು, ಆದರೆ ಅವನನ್ನೂ ಜೊತೆಗೇ ಕರೆದುಕೊಂಡು ಹೋಗಬೇಕು ಅಂತಲೂ ಅನ್ನಿಸಿತು.

ದೊಡ್ಡ ಮೇಡಂ ಮಾತ್ರ ನಗಲಿಲ್ಲ. ತುಟಿ ಬಿಗಿಹಿಡಿದಿದ್ದರು ಅಷ್ಟೆ. “ಇವರು ತಂದದ್ದನ್ನೆಲ್ಲ ತೆಗೆದುಹಾಕು. ಉಳಿದದ್ದು ತೋರಿಸು.”

ಉಳಿದದ್ದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿತ್ತು. ಇನ್ನೂ ಚೇತರಿಸಿಕೊಳ್ಳಬಲ್ಲ ತಿರುಳಿನಲ್ಲಿ ಒಂದು ಪ್ರೋಟೀನಿನ ಗೆರೆ ದಪ್ಪ. ಕೈಮೀರಿದ್ದರಲ್ಲಿ ಅದರ ಸುಳಿವೇ ಇಲ್ಲ. ಮೇಡಂ ತುಂಬಾ ಹೊತ್ತು ನೋಡಿದರು.

“ಮುಂದುವರಿಸು. ಹೊಸದಾಗಿ ತಿರುಳು ತರಿಸ್ಕೊ. ಆದ್ರೆ ಈ ಮನುಷ್ಯ ಇನ್ನು ಮೇಲೆ ಡಬ್ಬಿ ಮುಟ್ಟಕೂಡದು!”

ಹೊರಗೆ ಕಾರಿಡಾರಿನಲ್ಲಿ ಅವಳು ಅವನನ್ನು ತಡೆದು ನಿಲ್ಲಿಸಿದಳು. “ನಿಮಗೋಸ್ಕರ ಸುಳ್ಳು ಹೇಳಿದ್ನಲ್ಲ, ಸುಮ್ನೆ ಕೂತಿರೋಕೆ ಏನಾಗಿತ್ತು ರೋಗ?”

“ನಿಮ್ಮ ಕೆಲಸ ಹೋಗೋದನ್ನ ನೋಡ್ಕೊಂಡು ಕೂತಿರೋಕಾಗ್ಲಿಲ್ಲ.” ತಿರುಗಿ ಅವನೇ ಕೇಳಿದ, “ನೀವ್ಯಾಕೆ ಸುಳ್ಳು ಹೇಳಿದ್ರಿ?”

“ನಿಮ್ಮನ್ನ ಕಂಡ್ರೆ ನನಗೆ ಇಷ್ಟ, ಅದಕ್ಕೆ. ಬಾಗಿಲ ಒಳಗಡೆ ನಾನೂ ಕಾಯ್ತಾ ಇದ್ದೆ, ಪುಣ್ಯಾತ್ಮ!”

ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ದಿನವಿಡೀ ಊರವರ ಬಾಯಿ ತೆರೆಸುವವನ ಗತಿ ನೋಡಿ ಅವಳಿಗೆ ಮತ್ತೆ ನಗು.

“ಇನ್ನು ಡಬ್ಬಿನೂ ಇಲ್ಲ,” ಅಂದ ಕೊನೆಗೆ, “ಯಾವ ನೆಪ ಹೇಳ್ಕೊಂಡು ಬರ್ಲಿ?”

“ನೆಪ ಯಾಕೆ? ಬನ್ನಿ, ಈಗ್ಲೇ ಊಟಕ್ಕೆ ಹೋಗೋಣ. ಅಕ್ಕ ಕಾಯ್ತಿದ್ದಾಳೆ.”

ಎಕ್ಸ್‌ರೇ ಕೋಣೆಯ ತನಕ ಖುಷಿಯಾಗಿಯೇ ಬಂದ. ಬಾಗಿಲ ಹತ್ತಿರ ಗಕ್ಕನೆ ನಿಂತುಬಿಟ್ಟ, ಕೈ ತಲೆಗೂದಲಿಗೆ ಹೋಯಿತು. “ಒಂದ್ನಿಮಿಷ. ಅಕ್ಕನ ಹತ್ರ ಏನು ಮಾತಾಡೋದು?”

“ಮತ್ತೆ ನಿಂತ್ರಾ?” ಐಸಮ್ಮ ಆ ಕೈಯನ್ನು ಕೂದಲಿನಿಂದ ಬಿಡಿಸಿ ತನ್ನ ಕೈಯೊಳಗೆ ಹಿಡಿದುಕೊಂಡಳು. “ಅದನ್ನ ಒಳಗೆ ಹೋದ ಮೇಲೆ ಯೋಚಿಸೋಣ,” ಅಂದು ಬಾಗಿಲು ತಳ್ಳಿದಳು.