ಹಿಂದಿನ ಎಡಬಾಗಿಲಿನ ಸ್ಪೀಕರ್

ಕಾರಿನ ಡ್ಯಾಶ್‌ಬೋರ್ಡಿಗೆ ದಾರಿ ತೋರಿಸುವ, ಹಾಡು ಹಾಕುವ ಸ್ಕ್ರೀನು ಕೂರಿಸುವುದು ನನ್ನ ಕಸುಬು. ದೆವ್ವ ಗಿವ್ವ ಎಂದರೆ ನಕ್ಕುಬಿಡುವವನು ನಾನು. ಆ ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಕೆಲಸಕ್ಕೆ ಬಂದಿದ್ದ ಕಾರಿನ ಗಾಜುಗಳನ್ನೆಲ್ಲ ಸೆಕೆಗೆ ಇಳಿಸಿದ್ದೆ. ಸ್ಕ್ರೀನು ಕೂರಿಸಿ, ಒಂದೊಂದೇ ಬಾಗಿಲಿನ ಸ್ಪೀಕರ್ ಪರೀಕ್ಷಿಸಿದೆ. ಮೂರರಲ್ಲಿ ಹಾಡು ಚೆನ್ನಾಗಿ ಬಂತು. ಹಿಂದಿನ ಎಡಬಾಗಿಲಿಗೆ ತಿರುಗಿಸಿದಾಗ ಹಾಡು ನಿಂತು ಮುದುಕಿಯೊಬ್ಬಳ ದನಿ ಕೇಳಿತು: "ಗಾಜು ಏರಿಸೋ, ಚಳಿ ಆಗ್ತಿದೆ."

ಯಾವುದೋ ರೇಡಿಯೋ ನಾಟಕ ನುಸುಳಿರಬೇಕೆಂದು ಆ ಬಾಗಿಲಿನ ಒಳಹಲಗೆ ಬಿಚ್ಚಿದೆ. ಗಾಜು ಏರಿ ಕೈ ಸಿಕ್ಕಿಕೊಂಡೀತೆಂದು ಅದರ ಮೋಟರಿನ ತಂತಿಯನ್ನು ಮೊದಲೇ ಕಿತ್ತಿಡುವುದು ನನ್ನ ಅಭ್ಯಾಸ; ಕಿತ್ತೆ. ಒಳಗೆ ಸ್ಪೀಕರೇ ಇರಲಿಲ್ಲ, ಬರೀ ದುಂಡನೆಯ ತೂತು. ಆ ಸುಡುಬಿಸಿಲಲ್ಲೂ ತೂತಿನಿಂದ ಫ್ರಿಜ್ಜು ತೆರೆದಂತೆ ತಣ್ಣನೆ ಗಾಳಿ ಬರುತ್ತಿತ್ತು.

"ಸಾರ್, ಇಲ್ಲಿ ಸ್ಪೀಕರ್ರೇ ಇಲ್ವಲ್ಲ?" ಎಂದು ನೆರಳಲ್ಲಿ ಕೂತಿದ್ದ ಕಾರಿನ ಮಾಲೀಕರನ್ನು ಕೂಗಿದೆ.

ಅವರು ಎದ್ದು ಬಂದರು. "ಅಮ್ಮ ಯಾವಾಗ್ಲೂ ಅಲ್ಲೇ ಕೂರ್ತಿದ್ರು. ಕಿವಿಗೆ ಬಡಿಯುತ್ತೆ ಅಂತ ತೆಗೆಸಿದ್ದೆ. ಈಗ ಹಾಕ್ಬಿಡಿ, ಅವರಿಲ್ವಲ್ಲ."

ಅಷ್ಟರಲ್ಲಿ ಆ ಖಾಲಿ ತೂತಿನಿಂದಲೇ ಅದೇ ದನಿ ಸಿಡುಕಿತು: "ಎಷ್ಟು ಸಲ ಹೇಳ್ಬೇಕೋ ನಿಂಗೆ!"

"ಏರಿಸ್ದೆ ಅಮ್ಮಾ," ಎಂದರು ಅವರು, ಅಭ್ಯಾಸಬಲದಿಂದ. ಮರುಕ್ಷಣ ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದರು.

ಗಾಜು ನಿಧಾನವಾಗಿ ಮೇಲೇರಿ ಮುಚ್ಚಿಕೊಂಡಿತು. ಮೋಟರಿನ ತಂತಿ ಇನ್ನೂ ನನ್ನ ಕೈಯಲ್ಲೇ ಇತ್ತು.