ಗಂಗಾ ಅಳೆಯದ ಹಿತ್ತಲು

“ನಿಲ್ಸ್ರಿ! ನಿಲ್ಸ್ರಿ ಅಂದ್ನಲ್ಲ!”

ಗಂಗಾ ದಾಳಿಂಬೆ ಸಾಲಿನ ಬಾಯಲ್ಲಿ ಎರಡೂ ಕೈ ಚಾಚಿ ನಿಂತಿದ್ದಳು. ಅವಳ ಎದುರು ದೊಡ್ಡ ಟ್ರ್ಯಾಕ್ಟರ್ ಗುಡುಗುಡು ಸದ್ದು ಮಾಡುತ್ತಿತ್ತು. ಅದರ ಮುಂದಿನ ಚಕ್ರವೇ ಅವಳ ಸೊಂಟದವರೆಗೆ ಬರುತ್ತಿತ್ತು.

ಸೀಟಿನ ಮೇಲಿದ್ದ ಮಾರುತೇಶ್ ಬ್ರೇಕ್ ಒತ್ತಿ ಎಂಜಿನ್ ಆಫ್ ಮಾಡಿದ. ಅವನು ಹೊಳಲ್ಕೆರೆಯ ಶೋರೂಮಿನವನು. ಕೊಳ್ಳುವ ಮೊದಲು ಟ್ರ್ಯಾಕ್ಟರ್ ಓಡಿಸಿ ತೋರಿಸಲು ತಾಳ್ಯದ ಈ ತೋಟದ ಮನೆಗೆ ಬಂದಿದ್ದ.

“ಏನವ್ವ, ಟ್ರ್ಯಾಕ್ಟರಿಗೆ ಅಡ್ಡ ಬರ್ತಾರಾ? ನನ್ನ ಕೆಲಸ ಹೋಗ್ತೈತೆ!”

“ನೀವು ಒಳಗೆ ಬಂದ್ರೆ ನಮ್ಮ ಹಣ್ಣು ಹೋಗ್ತವೆ!”

ಹಿಂದಿನಿಂದ ದೊಡ್ಡಪ್ಪ ಪರಮೇಶ್ವರಪ್ಪ ಟವಲ್ ಕೊಡವುತ್ತಾ ಬಂದರು. ತಮ್ಮಲ್ಲಿರುವಂಥದೇ ದೊಡ್ಡ ಟ್ರ್ಯಾಕ್ಟರನ್ನು ಗಂಗಾಳ ಮನೆಗೂ ಕರೆಸಿದ್ದು ಅವರೇ.

“ಲೇ ಗಂಗಿ, ಸರ್ಕಳೇ ಅತ್ಲಾಗೆ. ಸಾಲಿಂದ ಸಾಲಿಗೆ ಹತ್ತಡಿ ಐತೆ. ನಾನೇ ನಿಂತು ಗಿಡ ನೆಡ್ಸಿದ್ದು. ಹತ್ತಡಿಯಾಗೆ ಇದು ಹೋಗಲ್ವಾ?”

“ನೀವು ಅಳೆದಿದ್ದು ಬುಡದಿಂದ ಬುಡಕ್ಕೆ ದೊಡ್ಡಪ್ಪ. ಟ್ರ್ಯಾಕ್ಟರ್ ತಾಗಾದು ಕೊಂಬೆಗೆ. ಕೊಂಬೆಯಿಂದ ಕೊಂಬೆಗೆ ಐದಡಿನೇ ಇರಾದು. ಇದು ಆರಡಿ ಅಗಲ ಐತೆ. ಬೇಕಾದ್ರೆ ಕೊಟ್ರೇಶನ್ನ ಕೇಳ್ರಿ, ಟೇಪಿನ ಆ ಕಡೆ ತುದಿ ಹಿಡ್ಕಂಡಿದ್ದು ಅವನೇ.”

ಕೊಟ್ರೇಶ್ ದೊಡ್ಡಪ್ಪನ ಮಗ. ಗಂಗಾಳ ಜೊತೆಗೇ ಐದನೇ ಕ್ಲಾಸು. ಅಪ್ಪ ತಿರುಗಿ ನೋಡಿದ ಕೂಡಲೇ ಅವನಿಗೆ ಆಕಾಶದಲ್ಲಿ ಏನೋ ಕಾಣಿಸಿತು.

ಮಾರುತೇಶ್ ಇಳಿದು ಸಾಲಿನೊಳಗೆ ಇಣುಕಿದ. ಎರಡೂ ಬದಿಯ ಕೊಂಬೆಗಳು ಹಣ್ಣಿನ ಭಾರಕ್ಕೆ ಬಾಗಿ, ದಾರಿಯನ್ನು ಅರ್ಧ ನುಂಗಿದ್ದವು.

“ಹುಡುಗಿ ಹೇಳಾದು ನಿಜ ಸಾರ್. ಮಡ್‌ಗಾರ್ಡ್ ತಾಗ್ತೈತೆ.”

“ತಾಗಿದ್ರೆ ಕೊಂಬೆ ಸವರಿದ್ರಾತು.”

“ಹಣ್ಣಿರೋ ಕೊಂಬೆನಾ?” ಗಂಗಾಳ ದನಿ ಏರಿತು. ಅವಳು ನಿಂತಲ್ಲಿಂದ ಕದಲಲಿಲ್ಲ.

“ಎಷ್ಟು ಬಾಯಿ ನೋಡು ಇದಕ್ಕೆ!” ದೊಡ್ಡಪ್ಪ ಮನೆಯ ಕಡೆ ತಿರುಗಿದರು. ಅಮ್ಮ ಅಂಗಳದಲ್ಲಿ ನಿಂತಿದ್ದಳು. “ದಾಕ್ಷಾಯಣಿ, ನೀನಾದ್ರೂ ಹೇಳಮ್ಮ. ನಮ್ಮ ಮನೆಗೆ ಪುಟಾಣಿ ಟ್ರ್ಯಾಕ್ಟರ್ ಬಂದ್ರೆ ಊರೆಲ್ಲ ನಗ್ತಾರೆ.”

“ನಗೋರು ಬಂದು ಉಳ್ತಾರಾ ಭಾವ?” ಅಂದಳು ಅಮ್ಮ.

ಮಾರುತೇಶ್ ನಗು ತಡೆಯಲು ಮುಖ ಒರೆಸಿಕೊಂಡ.

ಟ್ರ್ಯಾಕ್ಟರ್ ಓಡಿಸುವವಳು ಅಮ್ಮನೇ. ಅಪ್ಪ ಬಸ್ ಡ್ರೈವರ್. ಡ್ಯೂಟಿಗೆ ಹೋದರೆ ಮರುದಿನವೇ ಮನೆಗೆ ಬರುವುದು. ರಜೆಯಿದ್ದಾಗಲೆಲ್ಲ ಸ್ನೇಹಿತರ ಟ್ರ್ಯಾಕ್ಟರ್ ತಂದು ಅಮ್ಮನಿಗೆ ಕಲಿಸಿದ್ದರು. ಲೈಸೆನ್ಸೂ ಬಂದಿತ್ತು. “ಓಡ್ಸೋರು ಯಾರೋ ಅವರೇ ಆರಿಸ್ಲಿ” ಎಂದು ಅಪ್ಪ ಫೋನಿನಲ್ಲಿ ಹೇಳಿಬಿಟ್ಟಿದ್ದರು.

ದೊಡ್ಡ ಟ್ರ್ಯಾಕ್ಟರ್ ಬಂದ ದಾರಿಯಲ್ಲೇ ರಿವರ್ಸ್ ಹೋಯಿತು. ಮುಳ್ಳು ಗೀರಿದ ತನ್ನ ಮೊಣಕೈಯನ್ನು ಗಂಗಾ ಪದಕ ನೋಡಿದ ಹಾಗೆ ನೋಡಿಕೊಂಡಳು.

* * *

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಎಲ್ಲರೂ ಹೊಳಲ್ಕೆರೆಗೆ ಹೋದರು. ದೊಡ್ಡಪ್ಪನೂ ಬಂದರು, ಕೊಟ್ರೇಶನೂ ಬಂದ.

ಶೋರೂಮಿನಲ್ಲಿ ಗಂಗಾ ನೇರವಾಗಿ ಮಧ್ಯದ ಸೈಜಿನ ಟ್ರ್ಯಾಕ್ಟರ್ ಹತ್ತಿರ ಹೋಗಿ ಟೇಪ್ ಬಿಚ್ಚಿದಳು. ಒಂದು ಚಕ್ರದ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ನಾಲ್ಕೂಕಾಲು ಅಡಿ. ಹಿಂದೆ ಕಟ್ಟುವ, ಮಣ್ಣು ಪುಡಿ ಮಾಡುವ ರೋಟವೇಟರನ್ನೂ ಬಿಡದೆ ಅಳೆದಳು. ಅದೂ ಅಷ್ಟೇ ಅಗಲ.

“ಐದಡಿ ಸಾಲಿನಾಗೆ ಆರಾಮಾಗಿ ಹೋಗ್ತೈತೆ. ಇದೇ ಫೈನಲ್!” ಎಂದು ಘೋಷಿಸಿದಳು.

“ಇಂಜಿನಿಯರಮ್ಮ ಹೇಳಿದ್ಮೇಲೆ ಮುಗೀತು,” ಅಂದ ಮಾರುತೇಶ್. ದೊಡ್ಡಪ್ಪನೂ ಟ್ರ್ಯಾಕ್ಟರನ್ನು ಒಂದು ಸುತ್ತು ಹಾಕಿ, “ಹೂಂ, ಇದಾದ್ರೂ ನೋಡಾಕೆ ಟ್ರ್ಯಾಕ್ಟರ್ ಥರ ಐತೆ” ಎಂದು ಒಪ್ಪಿದರು.

ಅಮ್ಮ ಅಲ್ಲಿರಲಿಲ್ಲ. ಅವಳು ಶೋರೂಮಿನ ಮೂಲೆಯಲ್ಲಿ, ಎಲ್ಲಕ್ಕಿಂತ ಸಣ್ಣ ಟ್ರ್ಯಾಕ್ಟರ್ ಮೇಲೆ ಕುಳಿತು ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನೋಡುತ್ತಿದ್ದಳು.

ಕೊಟ್ರೇಶ್ ಕಿಸಕ್ಕೆಂದ. “ಇದನ್ನ ಕೀ ಕೊಟ್ಟು ಬಿಡಾದಾ ಚಿಕ್ಕಮ್ಮ? ಜಾತ್ರೇಲಿ ಸಿಗ್ತಾವಲ್ಲ, ಆ ಆಟದ ಸಾಮಾನಿನ ಥರ!”

“ಮಾರುತೇಶಪ್ಪ, ಇದು ಎಷ್ಟು ಜಾಗದಾಗೆ ತಿರುಗ್ತೈತೆ?” ಅಮ್ಮ ಕೇಳಿದಳು.

“ಇದಾ? ಇದು ಅಂಗಳದಾಗೆ ತಿರುಗ್ತೈತೆ ಅಕ್ಕ. ಆದ್ರೆ ಪವರ್ ಕಮ್ಮಿ, ಕೆಲಸ ನಿಧಾನ. ನಿಮ್ಮ ತೋಟಕ್ಕೆ ನಿಮ್ಮ ಮಗಳು ಹೇಳಿದ್ದೇ ಸರಿ.”

“ತೋಟಕ್ಕೆ ಸರಿ. ಆದ್ರೆ ಮುಯ್ಯಿಗೆ?”

ಮುಯ್ಯಿ ಎಂದರೆ ಏನೆಂದು ತಾಳ್ಯದಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಒಂದು ದಿನ ಮುದ್ದಕ್ಕ, ಗೊಲ್ಲಪ್ಪನ ಹೆಂಡತಿ, ಇನ್ನೂ ಇಬ್ಬರು ಮೂವರು ಗಂಗಾಳ ತೋಟಕ್ಕೆ ಬಂದು ಕಳೆ ತೆಗೆಯುತ್ತಾರೆ. ಇನ್ನೊಂದು ದಿನ ಅಮ್ಮ ಅವರವರ ಹೊಲಕ್ಕೋ ಹಿತ್ತಲಿಗೋ ಹೋಗಿ ದುಡಿಯುತ್ತಾಳೆ. ಕೂಲಿ ಇಲ್ಲ. ಕೆಲಸಕ್ಕೆ ಕೆಲಸ.

ದೊಡ್ಡಪ್ಪ ಕೈ ಬೀಸಿದರು. “ಟ್ರ್ಯಾಕ್ಟರ್ ಬಂದ್ಮೇಲೆ ಎಂಥಾ ಮುಯ್ಯಿ ತಗಿ.”

“ಹೌದಮ್ಮ, ಟ್ರ್ಯಾಕ್ಟರ್ ಬಂದ್ಮೇಲೆ ಮುಯ್ಯಿ ಯಾಕೆ ಬೇಕು ನಮಗೆ?” ಗಂಗಾ ಬಿರುಸಾಗಿ ಕೇಳಿದಳು. “ನಾನು ಸಾಲು ಸಾಲೂ ಅಳೆದೀನಿ. ಮೈಯೆಲ್ಲ ಗೀರಿಸ್ಕಂಡೀನಿ. ನೀನು ಒಂದ್ಸಲನೂ ಟೇಪ್ ಮುಟ್ಲಿಲ್ಲ. ನನ್ನ ಲೆಕ್ಕ ತಪ್ಪು ಅಂತ ತೋರ್ಸು ನೋಡಾಣ!”

“ನಿನ್ನ ಲೆಕ್ಕ ತಪ್ಪಿಲ್ಲ,” ಅಂದಳು ಅಮ್ಮ. ಮಾರುತೇಶನಿಗೆ ಸೋಮವಾರ ಹೇಳುತ್ತೇನೆಂದು ತಿಳಿಸಿ ಹೊರಗೆ ನಡೆದಳು.

ಲೆಕ್ಕ ತಪ್ಪಿಲ್ಲ ಅಂದಮೇಲೆ ಇನ್ನೇನು? ಬಸ್ಸಿನಲ್ಲಿ ಗಂಗಾ ಅಮ್ಮನ ಪಕ್ಕ ಕೂರಲಿಲ್ಲ. ಕಂಡಕ್ಟರ್ ಸೀಟಿನ ಹಿಂದೆ ಒಬ್ಬಳೇ ಕುಳಿತು ಕಿಟಕಿಯ ಹೊರಗೆ ನೋಡಿದಳು. ಹೊಲಗಳಲ್ಲಿ ಎಷ್ಟೊಂದು ಟ್ರ್ಯಾಕ್ಟರುಗಳಿದ್ದವು! ಅವುಗಳಲ್ಲಿ ಒಂದೂ ಆಟದ ಸಾಮಾನಿನಂತೆ ಇರಲಿಲ್ಲ.

* * *

ಭಾನುವಾರ ಅಮ್ಮ ಬೆಳಗ್ಗೆಯೇ ಮುದ್ದಕ್ಕನ ಹಿತ್ತಲಿಗೆ ಮುಯ್ಯಿಗೆ ಹೊರಟಳು. “ಬರ್ತೀಯೇನೇ?” ಎಂದು ಕೇಳಿದ್ದಕ್ಕೆ ಗಂಗಾ “ಬರಲ್ಲ” ಅಂದಳು. “ಹಂಗಾದ್ರೆ ಮಧ್ಯಾಹ್ನ ಬುತ್ತಿನಾದ್ರೂ ತಗಂಡು ಬಾ” ಅಂದಳು ಅಮ್ಮ. ಅದಕ್ಕೆ ಬರಲ್ಲ ಅನ್ನಲಾಗಲಿಲ್ಲ. ಹಸಿದವರ ಮೇಲೆ ಸಿಟ್ಟು ತೋರಿಸುವುದು ಹೇಗೆ?

ಮುದ್ದಕ್ಕನ ಮನೆ ಊರೊಳಗೆ. ಅವಳ ಮನೆಗೂ ಪಕ್ಕದ ಗೊಲ್ಲಪ್ಪನ ಮನೆಗೂ ನಡುವೆ ಒಂದು ಸಂದಿ. ಆ ಸಂದಿಯಲ್ಲಿ ನಡೆದು ಹೋದರೆ ಹಿಂದೆ ಉದ್ದನೆಯ ಹಿತ್ತಲು. ಹಿತ್ತಲಿನ ಆಚೆ ಆನೆ ಮಲಗಿದಂತಹ ಬಂಡೆಗಳು. ಬೇರೆ ದಾರಿಯೇ ಇಲ್ಲ.

ಗಂಗಾ ಬುತ್ತಿ ಹಿಡಿದು ಬಂದಾಗ ಅಮ್ಮ, ಮುದ್ದಕ್ಕ, ಗೊಲ್ಲಪ್ಪನ ಹೆಂಡತಿ ಮೂವರೂ ಗುದ್ದಲಿಯಿಂದ ನೆಲ ಅಗೆಯುತ್ತಿದ್ದರು. ಕಾಕಡ ಹೂವಿನ ಹೊಸ ಗಿಡ ನೆಡಲು ಜಾಗ ಸಿದ್ಧವಾಗಬೇಕಿತ್ತು. ಬೆಳಗ್ಗೆಯಿಂದ ಅಗೆದರೂ ಅರ್ಧ ಹಿತ್ತಲೂ ಆಗಿರಲಿಲ್ಲ. ಅಮ್ಮನ ಸೀರೆಯ ಅಂಚು ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

“ಬಂದ್ಯಾ ಗಂಗವ್ವ! ಟ್ರ್ಯಾಕ್ಟರ್ ಆರಿಸಿದ್ಯಂತೆ? ಊರೆಲ್ಲ ನಿನ್ನದೇ ಸುದ್ದಿ.” ಮುದ್ದಕ್ಕ ಸೊಂಟ ನೆಟ್ಟಗೆ ಮಾಡಿಕೊಂಡು ನಕ್ಕಳು. ನಗುವಾಗ ಅವಳ ಮೂಗುತಿಯೂ ಅಲುಗುತ್ತಿತ್ತು.

“ಮುದ್ದಕ್ಕ, ನೀವ್ಯಾಕೆ ಗುದ್ದಲಿ ಹಿಡ್ಕಂಡೀರಿ? ನಮ್ಮ ದೊಡ್ಡಪ್ಪನ ಟ್ರ್ಯಾಕ್ಟರ್ ಕರೆಸಬೌದಲ್ಲ?”

“ಕರ್ದಿದ್ದೆ ತಾಯಿ. ಬಂದು ಸಂದಿ ನೋಡ್ದ ನಿಮ್ಮ ದೊಡ್ಡಪ್ಪ. ಈ ಗೋಡೆ ಕೆಡವು, ಒಳಗೆ ಬರ್ತೀನಿ ಅಂದ. ನನ್ನ ಮನೆ ಗೋಡೆ ಕೆಡವಿ ನಾನೆಲ್ಲಿ ಮಲಗ್ಲಿ? ನಿನ್ನ ಟ್ರ್ಯಾಕ್ಟರೇ ಮನೇಲಿ ಇಟ್ಕಳಪ್ಪ, ನನ್ನ ಗುದ್ದಲಿ ಯಾವ ಗೋಡೆನೂ ಕೆಡವು ಅನ್ನಲ್ಲ ಅಂತ ಕಳಿಸ್ದೆ!”

ಗೊಲ್ಲಪ್ಪನ ಹೆಂಡತಿ ಬಿದ್ದು ಬಿದ್ದು ನಕ್ಕಳು. ಅಮ್ಮನೂ ನಕ್ಕಳು.

ಮುದ್ದಕ್ಕ ಮತ್ತೆ ಗುದ್ದಲಿ ಎತ್ತಿದಳು. “ಇನ್ನು ನಿಮ್ಮನೇಗೂ ಬಂತು. ಟ್ರ್ಯಾಕ್ಟರ್ ಬಂದ್ಮೇಲೆ ನಮ್ಮ ಮುಯ್ಯಿ ಯಾಕೆ ಬೇಕು ನಿಮಗೆ? ನಿಮ್ಮಮ್ಮ ಸೀಟಿನ ಮೇಲೆ ಕುಂತ್ಕಂಡ್ಲು ಅಂದ್ರೆ ನಮ್ಮ ಹಿತ್ತಲಿಗೆ ಯಾಕೆ ಇಳೀತಾಳೆ?”

ಮುದ್ದಕ್ಕ ತಮಾಷೆಗೇ ಹೇಳಿದ್ದು. ಆದರೆ ಈ ಸಲ ಅವಳ ಮೂಗುತಿ ಅಲುಗಲಿಲ್ಲ. ಅಮ್ಮ ಅಗೆಯುತ್ತಲೇ ಇದ್ದಳು.

ಗಂಗಾಳ ಕಿವಿ ಬಿಸಿಯಾಯಿತು. ಅವು ಅವಳದೇ ಮಾತುಗಳು. ನಿನ್ನೆ ಶೋರೂಮಿನಲ್ಲಿ ಅವಳ ಬಾಯಲ್ಲಿ ಜೋರಾಗಿ, ಧೈರ್ಯವಾಗಿ ಕೇಳಿಸಿದ್ದವು. ಇಲ್ಲಿ ಬೇರೆ ಥರ ಕೇಳಿಸಿದವು.

ಬುತ್ತಿ ಕೆಳಗಿಟ್ಟು ಅವಳು ಸಂದಿಗೆ ವಾಪಸ್ ಬಂದಳು. ನಡುವೆ ನಿಂತು ಎರಡೂ ಕೈ ಚಾಚಿದಳು. ಪೂರ್ತಿ ಚಾಚಲು ಆಗಲಿಲ್ಲ. ಅಂಗೈ ಎರಡೂ ಗೋಡೆಗೆ ತಾಗಿ, ಮೊಣಕೈ ಸ್ವಲ್ಪ ಮಡಚಿಯೇ ಉಳಿಯಿತು.

ಕೈ ಚಾಚಿದ ಉದ್ದವೂ ನಮ್ಮ ಎತ್ತರವೂ ಹೆಚ್ಚೂಕಡಿಮೆ ಒಂದೇ ಎಂದು ಕ್ಲಾಸಿನಲ್ಲಿ ಎಲ್ಲರೂ ಅಳೆದು ನೋಡಿದ್ದರು. ಗಂಗಾಳ ಎತ್ತರ ನಾಲ್ಕೂವರೆ ಅಡಿ. ಮೊಣಕೈ ಮಡಚಿದೆ ಅಂದರೆ ಸಂದಿ ಅದಕ್ಕಿಂತ ಕಡಿಮೆ. ನಾಲ್ಕು ಅಡಿ ಇರಬಹುದು.

ಅವಳು ಆರಿಸಿದ ಟ್ರ್ಯಾಕ್ಟರ್ ನಾಲ್ಕೂಕಾಲು.

ಕಾಲು ಅಡಿ. ಅವಳ ಒಂದು ಅಂಗೈ ಅಗಲಕ್ಕಿಂತ ಒಂಚೂರು ಜಾಸ್ತಿ, ಅಷ್ಟೇ.

ಹಿತ್ತಲಿನಿಂದ ಗುದ್ದಲಿ ನೆಲಕ್ಕೆ ಬೀಳುವ ಸದ್ದು ಬರುತ್ತಿತ್ತು. ಅದರಲ್ಲಿ ಅಮ್ಮನದು ಯಾವುದು, ಮುದ್ದಕ್ಕನದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.

“ಅಮ್ಮ,” ಅವಳು ಅಲ್ಲಿಂದಲೇ ಕೂಗಿದಳು, “ಆ ಮೂಲೇಲಿದ್ದ ಟ್ರ್ಯಾಕ್ಟರ್ ಎಷ್ಟು ಅಗಲ?”

“ಮೂರೂಕಾಲು ಅಂದ ಮಾರುತೇಶಪ್ಪ.”

“ಗೊಲ್ಲಪ್ಪನ ಮನೆ ಹಿತ್ತಲಿಗೂ ಇದೇ ದಾರಿನಾ?”

“ಇದೇ.”

“ಬೇರೆಯವರ ಮನೇವು?”

ಅಮ್ಮ ಗುದ್ದಲಿ ನಿಲ್ಲಿಸಿದಳು. ತಲೆ ಎತ್ತಿ ಸಂದಿಯ ಕಡೆ ನೋಡಿದಳು.

“ಉಂಡ ಮೇಲೆ ಹೋಗಾಣ ಬಾ. ಎಲ್ಲಾರ ಮನೆ ಹಿತ್ತಲೂ ನೋಡ್ಕಂಡು ಬರಾಣ.”

* * *

ಸಂಜೆ ದೊಡ್ಡಪ್ಪ ಮನೆಗೆ ಬಂದರು. ಮೂಲೆಯ ಸಣ್ಣ ಟ್ರ್ಯಾಕ್ಟರನ್ನೇ ಕೊಳ್ಳುವ ವಿಷಯ ಕೇಳಿ ಕುಳಿತಲ್ಲಿಂದ ಎದ್ದೇಬಿಟ್ಟರು.

“ಏನೇ ಗಂಗಿ, ನಿನ್ನೆ ಅದೇ ಫೈನಲ್ ಅಂದೆ, ಇವತ್ತು ಇದು ಅಂತೀಯ. ನಿನಗೆ ನಾಲಿಗೆ ಒಂದೈತಾ, ಎರಡಾ?”

“ಒಂದೇ ದೊಡ್ಡಪ್ಪ. ನಾನು ಬರೀ ನಮ್ಮ ತೋಟ ಅಳೆದಿದ್ದೆ.”

“ಮತ್ತೆ? ಊರೋರ ಹಿತ್ತಲೆಲ್ಲ ಅಳೀಬೇಕಿತ್ತಾ?”

“ಹೂಂ. ಇವತ್ತು ಅಳೆದ್ವಿ.”

“ನಮ್ಮ ಟ್ರ್ಯಾಕ್ಟರಿಗೂ ಅವರ ಹಿತ್ತಲಿಗೂ ಏನೇ ಸಂಬಂಧ?”

“ಅವರ ಕೈಗೂ ನಮ್ಮ ತೋಟಕ್ಕೂ ಇರಾ ಸಂಬಂಧ,” ಅಂದಳು ಗಂಗಾ. ಅವಳ ಕಣ್ಣು ಕೆಳಗಿಳಿಯಲಿಲ್ಲ.

ದೊಡ್ಡಪ್ಪ ಟವಲ್ ಹೆಗಲಿಗೆ ಹಾಕಿಕೊಂಡು ಹೊರಟರು. “ತಾಯಿ ಹಂಗೇ ಮಗಳು!” ಎಂದು ಗೇಟಿನ ಹತ್ತಿರ ಗೊಣಗಿದ್ದು ಇಬ್ಬರಿಗೂ ಕೇಳಿಸಿತು.

* * *

ಹೊಸ ಟ್ರ್ಯಾಕ್ಟರ್ ಬಂದು ಪೂಜೆಯೂ ಆಯಿತು. ಮಾರನೆಯ ದಿನವೇ ಅಮ್ಮ ಅದನ್ನು ಊರೊಳಗೆ ತಂದಳು. ಸಂದಿಯ ಬಾಯಲ್ಲಿ ಆಗಲೇ ಜನ ಸೇರಿದ್ದರು. ಹೆಂಗಸು ಟ್ರ್ಯಾಕ್ಟರ್ ಓಡಿಸುವುದನ್ನು ನೋಡಲು ಕೆಲವರು ಬಂದಿದ್ದರು. ಗೋಡೆಗೆ ಗುದ್ದುವುದನ್ನು ನೋಡಲು ಇನ್ನು ಕೆಲವರು.

“ಬಂತಪ್ಪೋ ಆಟದ ಸಾಮಾನು!” ಕೊಟ್ರೇಶ್ ಕಟ್ಟೆಯ ಮೇಲಿಂದ ಕೂಗಿದ.

ಉತ್ತರ ಗಂಗಾಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವಳಿಗೆ ಪುರುಸೊತ್ತಿರಲಿಲ್ಲ. ಅವಳು ಟ್ರ್ಯಾಕ್ಟರ್ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ಒಮ್ಮೆ ಎಡಗೋಡೆ, ಒಮ್ಮೆ ಬಲಗೋಡೆ ನೋಡುತ್ತಿದ್ದಳು.

“ಬಾ ಅಮ್ಮ. ಇನ್ನೂ ಬಾ. ಒಂಚೂರು ಬಲಕ್ಕೆ. ಹಾಂ, ಬಾ.”

ಟ್ರ್ಯಾಕ್ಟರ್ ಯಾವ ಗೋಡೆಗೂ ತಾಗದೆ ಹಿತ್ತಲಿಗೆ ಇಳಿಯಿತು. ರೋಟವೇಟರ್ ಕೆಳಗಿಳಿದು ಗಟ್ಟಿ ನೆಲವನ್ನು ಪುಡಿ ಪುಡಿ ಮಾಡತೊಡಗಿತು. ಬಂಡೆಯ ಹತ್ತಿರ ಹೋಗಿ, ತಿರುಗಿ, ಮತ್ತೆ ಬಂತು.

ಮುದ್ದಕ್ಕ ಕೈಕಟ್ಟಿ ನೋಡುತ್ತಿದ್ದಳು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಬೆರಳಲ್ಲಿ ಉದುರಿಸಿದಳು. ಆಮೇಲೆ ಎಂಜಿನ್ನಿನ ಸದ್ದಿಗಿಂತ ಜೋರಾಗಿ ಕೂಗಿದಳು.

“ಭಾನುವಾರ ನಿಮ್ಮ ತೋಟದ ಕಳೆಗೆ ಬರ್ತೀನಿ ದಾಕ್ಷಾಯಣಮ್ಮ!”

ಅಮ್ಮನಿಗೆ ಕೇಳಿಸಲಿಲ್ಲ. ಅವಳ ಕಣ್ಣು ಬಂಡೆಯ ಮೇಲಿತ್ತು.

“ಬೆಳಗ್ಗೆನೇ ಬರ್ರಿ ಮುದ್ದಕ್ಕ,” ಅಂದಳು ಗಂಗಾ. “ಗಿಡದ ಬುಡಕ್ಕೆ ಟ್ರ್ಯಾಕ್ಟರ್ ಹೋಗಲ್ಲ. ಅಲ್ಲಿ ನಾನು ನಿಮ್ಮ ಪಕ್ಕದ ಸಾಲಿಗೆ ಕುಂತ್ಕಂತೀನಿ.”